ನೆನಪು, ದಾಖಲೆ, ಅಭಿಮಾನ: ‘ಡಾಕ್ಟರ್ ಹೂ’ ಧಾರಾವಾಹಿಯನ್ನು ಕುರಿತ ಬರವಣಿಗೆಯ ಒಂದು ಪರಿಶೀಲನೆ

1

ಯಾವ ಆಧಾರವನ್ನು ನಂಬಬೇಕು, ಯಾವುದನ್ನು ಶಂಕಿಸಬೇಕು ಎಂಬ ಪ್ರಶ್ನೆ ಇತಿಹಾಸಶಾಸ್ತ್ರದಷ್ಟೇ ಹಳೆಯದು. ಶಾಸನ, ಕಡತ, ಪತ್ರವ್ಯವಹಾರ, ಪ್ರವಾಸಿಗರ ವರದಿ ಇವುಗಳ ತಾರತಮ್ಯವನ್ನು ನಾವು ತರಗತಿಗಳಲ್ಲಿ ವಿವರಿಸುತ್ತ ಬಂದಿದ್ದೇವೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಜನಜೀವನವನ್ನು ಬರೆಯಹೊರಟವನಿಗೆ ಇವುಗಳ ಜೊತೆಗೆ ಇನ್ನೊಂದು ಬಗೆಯ ಸಾಮಗ್ರಿ ರಾಶಿರಾಶಿಯಾಗಿ ಎದುರಾಗುತ್ತದೆ. ಜನಪ್ರಿಯವಾದ ಚಲಚ್ಚಿತ್ರ, ದೂರದರ್ಶನ ನಾಟಕ ಮುಂತಾದುವುಗಳ ಅಭಿಮಾನಿಗಳು ತಮ್ಮೊಳಗೆ ಪ್ರಚುರಪಡಿಸಿಕೊಂಡ ವಾರ್ತೆಗಳು, ಮತ್ತು ಆ ಕೃತಿಗಳ ನಿರ್ಮಾಣದಲ್ಲಿ ಪಾಲ್ಗೊಂಡವರು ವರ್ಷಗಳ ತರುವಾಯ ಹೇಳಿಕೊಂಡ ತೆರೆಮರೆಯ ನೆನಪುಗಳು, ಈ ಎರಡೂ ಸೇರಿ ಒಂದು ಸಾಹಿತ್ಯವೇ ಬೆಳೆದಿದೆ. ವಿದ್ವಾಂಸರಲ್ಲಿ ಕೆಲವರು ಇದನ್ನು ಹುಡುಗಾಟಿಕೆಯೆಂದು ಬದಿಗೊತ್ತುತ್ತಾರೆ. ಕೆಲವರು ಇದರಲ್ಲಿ ಹೇಳಿದುದೆಲ್ಲವನ್ನೂ ಪ್ರತ್ಯಕ್ಷ ಸಾಕ್ಷ್ಯವೆಂದು ಸ್ವೀಕರಿಸುತ್ತಾರೆ. ಇವೆರಡೂ ಅವಸರದ ನಿರ್ಣಯಗಳು.

ಪ್ರಕೃತ ಲೇಖನದಲ್ಲಿ ಈ ಸಾಹಿತ್ಯದ ಗುಣದೋಷಗಳನ್ನು ಒಂದು ನಿದರ್ಶನದ ಮೂಲಕ ವಿವೇಚಿಸಲಾಗಿದೆ. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು 1963ರಲ್ಲಿ ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ವಿಜ್ಞಾನಕಥಾ ಧಾರಾವಾಹಿಯೇ ಆ ನಿದರ್ಶನ. ಇದನ್ನು ಆರಿಸಿಕೊಳ್ಳಲು ವಿಶೇಷ ಕಾರಣವುಂಟು. ಈ ಧಾರಾವಾಹಿಯ ಮೊದಲ ಭಾಗದ ಬಹಳಷ್ಟು ಕಂತುಗಳನ್ನು ನಿರ್ಮಿಸಿದ ಸಂಸ್ಥೆಯೇ ಅಳಿಸಿಹಾಕಿತು. ಹೀಗಾಗಿ ಅವುಗಳ ವಿಷಯದಲ್ಲಿ ನೆನಪೇ ಮುಖ್ಯ ಆಧಾರವಾಯಿತು. ಅನಂತರ ಅಂಥ ಕೆಲವು ಕಂತುಗಳು ಅನಿರೀಕ್ಷಿತವಾಗಿ ಮರಳಿ ದೊರೆತುವು. ಮೊದಲು ನೆನಪು, ಆಮೇಲೆ ಮೂಲವಸ್ತು ಎಂಬ ಈ ಕ್ರಮ ಇತಿಹಾಸಕಾರನಿಗೆ ಅತಿ ಅಪೂರ್ವವಾಗಿ ಒದಗುವಂಥದು. ನೆನಪನ್ನು ಒರೆಗೆ ಹಚ್ಚಿ ನೋಡುವ ಅವಕಾಶ ಇಲ್ಲಿ ತಾನಾಗಿ ಒದಗಿದೆ.

2

ಈ ಧಾರಾವಾಹಿಯನ್ನು ನೋಡದ ವಾಚಕರಿಗಾಗಿ ಎರಡು ಮಾತು. ಕಾಲದಲ್ಲಿಯೂ ಆಕಾಶದಲ್ಲಿಯೂ ಬೇಕಾದೆಡೆಗೆ ಸಂಚರಿಸಬಲ್ಲ ನಿಗೂಢ ವ್ಯಕ್ತಿಯೊಬ್ಬನೇ ಇದರ ನಾಯಕ. ಆತನ ವಾಹನ ಹೊರಗೆ ಲಂಡನ್ನಿನ ಬೀದಿಗಳಲ್ಲಿದ್ದ ಪೊಲೀಸರ ನೀಲಿ ಪೆಟ್ಟಿಗೆಯಂತೆ ಕಾಣುತ್ತದೆ. ಒಳಗೆ ವಿಶಾಲವಾದ ಕೋಣೆಯಿದೆ. ಮೊದಲ ನಾಯಕನಟರಾದ ವಿಲಿಯಂ ಹಾರ್ಟ್ನೆಲ್ 1966ರ ಅಕ್ಟೋಬರಿನಲ್ಲಿ ನಿರ್ಗಮಿಸಿದಾಗ, ನಾಯಕನು ಕಥೆಯೊಳಗೇ ದೇಹಾಂತರ ಹೊಂದಿದನೆಂದು ಕಲ್ಪಿಸಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ಆ ಸ್ಥಾನಕ್ಕೆ ತಂದರು. ಈ ಉಪಾಯದಿಂದ ಧಾರಾವಾಹಿಯು ನಟರನ್ನು ಬದಲಿಸಿಕೊಳ್ಳುತ್ತ 1989ರ ಡಿಸೆಂಬರಿನವರೆಗೂ ನಡೆಯಿತು. ಹದಿನಾರು ವರ್ಷಗಳ ಬಿಡುವಿನ ತರುವಾಯ 2005ರಲ್ಲಿ ಪುನಃ ಸರಣಿಯಾಗಿ ಆರಂಭವಾಯಿತು.

ಬಿಡುವಿನ ಆ ವರ್ಷಗಳಲ್ಲಿ ಇದರ ಹೆಸರನ್ನು ಜೀವಂತವಾಗಿ ಉಳಿಸಿದವರು ಅಭಿಮಾನಿಗಳೇ. 1976ರಲ್ಲಿ ಇಂಗ್ಲೆಂಡಿನಲ್ಲಿ ‘ಡಾಕ್ಟರ್ ಹೂ ಅಪ್ರಿಸಿಯೇಷನ್ ಸೊಸೈಟಿ’ ಎಂಬ ಸಂಘ ಏರ್ಪಟ್ಟಿತು. ಮರುವರ್ಷವೇ ಲಂಡನ್ನಿನಲ್ಲಿ ಅದರ ಮೊದಲ ಸಮಾವೇಶ ಜರುಗಿತು. 1979ರ ಅಕ್ಟೋಬರಿನಲ್ಲಿ ಇದಕ್ಕೆಂದೇ ಒಂದು ವಾರಪತ್ರಿಕೆ ಹೊರಟು, ಸ್ವಲ್ಪ ಕಾಲದಲ್ಲೇ ಮಾಸಪತ್ರಿಕೆಯಾಯಿತು. ಅದಕ್ಕೂ ಮುನ್ನ ಮತ್ತು ಅದರ ಜೊತೆಯಲ್ಲಿ, ಕಲ್ಲಚ್ಚಿನಂಥ ಅಗ್ಗದ ಯಂತ್ರಗಳಲ್ಲಿ ಪ್ರತಿ ತೆಗೆದು ಅಂಚೆಯಲ್ಲಿ ಹಂಚುತ್ತಿದ್ದ ಖಾಸಗಿ ಪತ್ರಿಕೆಗಳು ಅನೇಕ. ನಟರನ್ನೂ ನಿರ್ದೇಶಕರನ್ನೂ ಕಂಡು ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವುದು, ಪ್ರಸಾರದ ತಾರೀಖುಗಳ ಪಟ್ಟಿ ಮಾಡುವುದು, ಹೊಸ ಸುದ್ದಿ ಹಂಚುವುದು ಇವುಗಳ ಕಾರ್ಯ. ಈ ಬರವಣಿಗೆಯೇ ನಮ್ಮ ಪರಿಶೀಲನೆಯ ವಸ್ತು.

3

ಮೊದಲು ನಾಶದ ಸಂಗತಿಯನ್ನು ತಿಳಿಯಬೇಕು. 1963ರಿಂದ 1969ರವರೆಗೆ, ಅಂದರೆ ಮೊದಲ ಇಬ್ಬರು ನಾಯಕರ ಕಾಲದಲ್ಲಿ, ಒಟ್ಟು 253 ಕಂತುಗಳು ಪ್ರಸಾರವಾದುವು. ಇವುಗಳ ಮೂಲ ವಿಡಿಯೊ ಟೇಪುಗಳಲ್ಲಿ ಒಂದೂ ಇಂದು ಉಳಿದಿಲ್ಲ. ಎರಡು ಅಂಗುಲ ಅಗಲದ ಆ ಟೇಪಿಗೆ ಬೆಲೆ ಹೆಚ್ಚು. ಅಳಿಸಿ ಮತ್ತೆ ಉಪಯೋಗಿಸಲು ಸಾಧ್ಯವಿದ್ದುದರಿಂದ ಅಳಿಸುವುದೇ ಮಿತವ್ಯಯವೆನಿಸಿತು. ನಟರ ಸಂಘದೊಡನೆ ಮಾಡಿಕೊಂಡಿದ್ದ ಒಪ್ಪಂದಗಳಂತೆ ಹಳೆಯ ನಾಟಕವನ್ನು ಎಷ್ಟು ಬಾರಿಯಾದರೂ ಮರುಪ್ರಸಾರ ಮಾಡುವಂತಿರಲಿಲ್ಲ. ಬಣ್ಣದ ದೂರದರ್ಶನ ಬಂದ ಮೇಲೆ ಕಪ್ಪುಬಿಳುಪಿನ ಕಾರ್ಯಕ್ರಮಗಳಿಗೆ ಗಿರಾಕಿಗಳೂ ಕಡಮೆಯಾದರು.

ಆದರೂ ಹೊರದೇಶಗಳಿಗೆ ಮಾರಲೆಂದು ಆ ಕಂತುಗಳ ಪ್ರತಿಗಳನ್ನು 16 ಮಿಲಿಮೀಟರ್ ಫಿಲ್ಮಿನ ಮೇಲೆ ತೆಗೆದಿಟ್ಟಿದ್ದರು. ಮಾರಾಟದ ಶಾಖೆಯು 1972ರಿಂದ 1978ರವರೆಗೆ ಇವನ್ನೂ ಬಹುಮಟ್ಟಿಗೆ ನಾಶಪಡಿಸಿತು. ಟೇಪುಗಳನ್ನು ಅಳಿಸಿದವರು ಫಿಲ್ಮು ಇದ್ದೇ ಇದೆಯೆಂದು ಭಾವಿಸಿದರು. ಫಿಲ್ಮುಗಳನ್ನು ಎಸೆದವರು ಟೇಪು ಇರಬೇಕೆಂದು ಭಾವಿಸಿದರು. ಎಲ್ಲವನ್ನೂ ಕಾಪಾಡುವ ಹೊಣೆ ಯಾವೊಂದು ಶಾಖೆಯದೂ ಆಗಿರಲಿಲ್ಲ. 1978ರಲ್ಲಿ ಫಿಲ್ಮು ಮತ್ತು ಟೇಪುಗಳಿಗೆ ಒಂದೇ ಗ್ರಂಥಾಲಯ ಏರ್ಪಟ್ಟ ಮೇಲೆಯೇ ಈ ನಾಶ ನಿಂತದ್ದು. ಇದರಲ್ಲಿ ದುರುದ್ದೇಶವೇನೂ ಕಾಣುವುದಿಲ್ಲ. ಆಡಳಿತದ ಸಾಮಾನ್ಯ ವಿವೇಕದಿಂದಲೇ ಇದೆಲ್ಲ ನಡೆಯಿತು. ಕಡತಗಳನ್ನು ವಿಲೇವಾರಿ ಮಾಡುವ ಯಾವ ಕಛೇರಿಯೂ ಇದಕ್ಕೆ ಹೊರತಲ್ಲ. ದಾಖಲೆಯ ಬೆಲೆಯನ್ನು ದಾಖಲೆ ಮಾಡಿದವರೇ ಅರಿಯುವರೆಂಬ ನಮ್ಮ ವಾಡಿಕೆಯ ನಂಬಿಕೆಯನ್ನು ಈ ಪ್ರಸಂಗ ಚೆನ್ನಾಗಿ ಅಲುಗಿಸುತ್ತದೆ.

4

ಸಂಸ್ಥೆಯು ಬಿಸಾಡಿದುದನ್ನು ಉಳಿಸಿದವರು ಯಾರು? ಇಲ್ಲಿ ಅಭಿಮಾನಿಗಳ ಸೇವೆಯನ್ನು ಮುಕ್ತಕಂಠದಿಂದ ಒಪ್ಪಬೇಕು. 1960ರ ದಶಕದಲ್ಲಿ ಮನೆಯಲ್ಲಿ ಕಾರ್ಯಕ್ರಮವನ್ನು ಚಿತ್ರಸಹಿತವಾಗಿ ಮುದ್ರಿಸಿಕೊಳ್ಳುವ ಸಾಧನ ಜನಸಾಮಾನ್ಯರಿಗೆ ಇರಲಿಲ್ಲ. ಧ್ವನಿಯನ್ನು ಮುದ್ರಿಸಿಕೊಳ್ಳುವ ಟೇಪ್ ರೆಕಾರ್ಡರು ಕೆಲವರಲ್ಲಿತ್ತು. ಕೆಲವು ಹುಡುಗರು ಪ್ರತಿ ಶನಿವಾರ ಸಂಜೆ ದೂರದರ್ಶನದ ಪೆಟ್ಟಿಗೆಗೆ ಅದನ್ನು ಜೋಡಿಸಿ ಧ್ವನಿಯನ್ನು ಹಿಡಿದಿಟ್ಟರು. ಅವರ ಈ ಹವ್ಯಾಸದಿಂದ, ಚಿತ್ರ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಇಂದು ಪೂರ್ಣವಾಗಿ ಉಳಿದುಬಂದಿದೆ.

ಚಿತ್ರದ ಭಾಗವನ್ನು ಉಳಿಸಿದ್ದು ಇನ್ನೊಬ್ಬರ ವೃತ್ತಿ. ಜಾನ್ ಕ್ಯೂರಾ ಎಂಬುವರು ದೂರದರ್ಶನದ ತೆರೆಯ ಮುಂದೆ ಕ್ಯಾಮರಾ ಹಿಡಿದು ಕಾರ್ಯಕ್ರಮ ನಡೆಯುತ್ತಿದ್ದಂತೆ ಒಂದಾದಮೇಲೊಂದು ಛಾಯಾಚಿತ್ರ ತೆಗೆದು, ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದರು. ಅವರ ಪಾಲಿಗೆ ಅದು ಜೀವನೋಪಾಯ; ನಮ್ಮ ಪಾಲಿಗೆ ಪ್ರಥಮ ದರ್ಜೆಯ ಆಧಾರ. ಧ್ವನಿಗೆ ಈ ಚಿತ್ರಗಳನ್ನು ಹೊಂದಿಸಿ ಕಳೆದ ಕಂತುಗಳ ಸ್ಥೂಲರೂಪವನ್ನು ಪುನಾರಚಿಸುವ ಕಾರ್ಯವನ್ನು ಅಭಿಮಾನಿಗಳು ಸ್ವಂತ ಖರ್ಚಿನಲ್ಲಿ ಮಾಡಿದರು.

ಎಲ್ಲಕ್ಕಿಂತ ವಿಚಿತ್ರವಾದ ಉಳಿವೊಂದುಂಟು. ಆಸ್ಟ್ರೇಲಿಯಾದ ಸೆನ್ಸಾರರು ಮಕ್ಕಳಿಗೆ ಭಯಂಕರವೆಂದು ಕೆಲವು ದೃಶ್ಯಗಳನ್ನು ಫಿಲ್ಮಿನಿಂದ ಕತ್ತರಿಸಿ ತೆಗೆದಿದ್ದರು. ಕತ್ತರಿಸಿದ ತುಂಡುಗಳನ್ನು ನಿಯಮದಂತೆ ಸರ್ಕಾರದ ದಫ್ತರದಲ್ಲಿ ಇಟ್ಟಿದ್ದರು. ಉಳಿದ ಕಂತು ಸುಟ್ಟುಹೋದ ಮೇಲೂ ಆ ತುಂಡುಗಳು ಭದ್ರವಾಗಿದ್ದು, 1996ರಲ್ಲಿ ಅಭಿಮಾನಿಗಳ ಶೋಧನೆಯಿಂದ ಬೆಳಕಿಗೆ ಬಂದುವು. ಜನ ನೋಡಕೂಡದೆಂದು ತೆಗೆದುಹಾಕಿದ ಕ್ಷಣಗಳನ್ನೇ ನಾವಿಂದು ನೋಡಬಹುದು. ಜನರೆಲ್ಲರೂ ನೋಡಿದ ಭಾಗ ಇಲ್ಲ. ಹಾರ್ಟ್ನೆಲ್ ಅವರು ಟ್ರೌಟನ್ ಆಗಿ ಮಾರ್ಪಡುವ ಪ್ರಸಿದ್ಧ ದೃಶ್ಯವೂ ಇಂಥದೇ ಆಕಸ್ಮಿಕದಿಂದ ಉಳಿಯಿತು: ಆ ಕಂತು ಕಳೆದುಹೋಗಿದ್ದರೂ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಅದರ ತುಣುಕನ್ನು ತೋರಿಸಿದ್ದರು.

ಆಧಾರಗಳು ತಮ್ಮ ಯೋಗ್ಯತೆಯಿಂದಲೇ ಉಳಿದು ಬರುತ್ತವೆಂದು ತಿಳಿಯುವ ವಿದ್ಯಾರ್ಥಿಗಳು ಈ ಎರಡು ಸಂಗತಿಗಳನ್ನು ನೆನಪಿನಲ್ಲಿಡುವುದು ಒಳಿತು.

5

ಇನ್ನು ತೆರೆಮರೆಯ ನೆನಪುಗಳ ವಿಚಾರ. ನಿರ್ಮಾಣದಲ್ಲಿ ಪಾಲ್ಗೊಂಡವರ ಮಾತಿಗೆ ಸಹಜವಾಗಿಯೇ ಒಂದು ಅಧಿಕಾರವಿರುತ್ತದೆ. ಆದರೆ ಅದೇ ಕಥೆಯನ್ನು ಸಮಾವೇಶಗಳಲ್ಲಿಯೂ ಸಂದರ್ಶನಗಳಲ್ಲಿಯೂ ನೂರು ಸಲ ಹೇಳಿದವರ ಮಾತಿನಲ್ಲಿ ನುಣುಪು ಬರುತ್ತದೆ. ಆ ನುಣುಪು ಬಂದಷ್ಟೂ ಸಾಕ್ಷ್ಯದ ಬೆಲೆ ಕುಗ್ಗುತ್ತದೆ. ಮೂರು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು ‘ಡಾಲೆಕ್’ ಎಂಬ ಹೆಸರಿನ ಉತ್ಪತ್ತಿ. ಲೋಹದ ಕವಚದೊಳಗೆ ಅವಿತು, ಪರರನ್ನೆಲ್ಲ ನಿರ್ಮೂಲ ಮಾಡಹೊರಟ ಈ ಜೀವಿಗಳು 1963ರ ಡಿಸೆಂಬರಿನಲ್ಲಿ ತೆರೆಯ ಮೇಲೆ ಬಂದೊಡನೆಯೇ ಧಾರಾವಾಹಿಯ ಕೀರ್ತಿ ಹರಡಿತು. ಇವನ್ನು ಕಲ್ಪಿಸಿದ ಲೇಖಕ ಟೆರಿ ನೇಷನ್ ಅವರು, ವಿಶ್ವಕೋಶವೊಂದರ ಸಂಪುಟದ ಬೆನ್ನಿನ ಮೇಲೆ ‘ಡಾಲ್’ ಎಂಬಲ್ಲಿಂದ ‘ಲೆಕ್’ ಎಂಬಲ್ಲಿಯವರೆಗೆ ಎಂದು ಬರೆದಿದ್ದುದನ್ನು ಕಂಡು ಆ ಹೆಸರಿಟ್ಟೆನೆಂದು ಪತ್ರಿಕೆಯವರಿಗೆ ಹೇಳಿದ್ದರು. ಕಥೆ ಅಚ್ಚುಕಟ್ಟಾಗಿತ್ತು, ಎಲ್ಲರೂ ಅಚ್ಚುಹಾಕಿದರು. ಕೆಲವು ವರ್ಷಗಳ ಬಳಿಕ ನೇಷನ್ ಅವರೇ, ಪತ್ರಿಕೆಯವರಿಗೆ ಏನಾದರೊಂದು ಹೇಳಬೇಕಾದ್ದರಿಂದ ಅದನ್ನು ಕಟ್ಟಿದೆನೆಂದೂ ಹೆಸರು ತಾನಾಗಿ ಹೊಳೆದದ್ದೆಂದೂ ಒಪ್ಪಿಕೊಂಡರು. ಕರ್ತೃವೇ ನಿರಾಕರಿಸಿದ ತರುವಾಯವೂ ಆ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಬಂದಿದೆ.

ಎರಡನೆಯದು ಅದೇ ಜೀವಿಯ ಆಕಾರದ್ದು. ಮೆಣಸಿನ ಪುಡಿಯ ಡಬ್ಬಿಯನ್ನು ನೋಡಿ ಅದನ್ನು ರೂಪಿಸಿದರೆಂಬುದು ಪ್ರತೀತಿ. ರೂಪಿಸಿದ ವಿನ್ಯಾಸಕಾರ ರೇಮಂಡ್ ಕ್ಯೂಸಿಕ್ ಅವರ ವಿವರಣೆ ಬೇರೆ. ಒಳಗೆ ಕುಳಿತು ನಡೆಸುವವನು ಬೇಕಾದ್ದರಿಂದ ಕುರ್ಚಿಯಲ್ಲಿ ಕುಳಿತ ಮನುಷ್ಯನ ಆಕಾರದಿಂದ ಅವರು ಆರಂಭಿಸಿದರು. ಊಟದ ಮೇಜಿನ ಮೇಲೆ ಮೆಣಸಿನ ಡಬ್ಬಿಯನ್ನು ಸರಿಸಿ ತೋರಿಸಿದ್ದು ಅದು ಹೇಗೆ ಚಲಿಸಬೇಕೆಂಬುದನ್ನು ಇನ್ನೊಬ್ಬರಿಗೆ ತಿಳಿಸಲು ಮಾತ್ರ. ಕೈಗೆ ಉಪ್ಪಿನ ಡಬ್ಬಿ ಸಿಕ್ಕಿದ್ದರೂ ಕೆಲಸ ನಡೆಯುತ್ತಿತ್ತು. ಇಲ್ಲಿ ನಡೆದ ಘಟನೆ ಸುಳ್ಳಲ್ಲ, ಅದರ ಅರ್ಥ ಬದಲಾಗಿದೆ. ನೆನಪಿನ ದೋಷಗಳಲ್ಲಿ ಈ ಬಗೆಯೇ ಹೆಚ್ಚು ಸೂಕ್ಷ್ಮವಾದದ್ದು. ಪತ್ತೆ ಹಚ್ಚುವುದೂ ಕಷ್ಟ.

ಮೂರನೆಯದು ಮೊದಲ ಪ್ರಸಾರದ ದಿನದ್ದು. ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಮರುದಿನ, 1963ರ ನವೆಂಬರ್ 23ರಂದು, ಮೊದಲ ಕಂತು ಪ್ರಸಾರವಾಯಿತು. ಹತ್ಯೆಯ ವಾರ್ತೆಯಿಂದಾಗಿ ಪ್ರಸಾರ ಹತ್ತು ನಿಮಿಷ ತಡವಾಯಿತೆಂದು ಬಹುಕಾಲ ಬರೆಯುತ್ತ ಬಂದರು. ಪ್ರಸಾರದ ದಿನಚರಿಯಂತೆ ತಡವಾದದ್ದು ಸುಮಾರು 80 ಸೆಕೆಂಡು ಮಾತ್ರ. ಒಂದು ದೊಡ್ಡ ದುರಂತದ ನೆರಳು ಸಣ್ಣ ಸಂಗತಿಯ ಮೇಲೆ ಬಿದ್ದು ಅದನ್ನೂ ಹಿಗ್ಗಿಸಿತು. ಮರುವಾರ, ನವೆಂಬರ್ 30ರಂದು, ಎರಡನೆಯ ಕಂತಿಗೆ ಮುನ್ನ ಮೊದಲನೆಯದನ್ನು ಪುನಃ ಪ್ರಸಾರ ಮಾಡಿದ್ದು ನಿಜ. ಈ ಮರುಪ್ರಸಾರದ ನೆನಪು ಹತ್ತು ನಿಮಿಷದ ದಂತಕಥೆಗೆ ಆಸರೆ ಕೊಟ್ಟಿರಬೇಕೆಂದು ನನಗೆ ತೋರುತ್ತದೆ.

6

ಇಂಥ ತಪ್ಪುಗಳಿಂದ ಯಾರಿಗೇನು ನಷ್ಟವೆಂದು ಕೇಳಬಹುದು. ನಷ್ಟವುಂಟು, ಅದು ಯಶಸ್ಸಿನ ಹಂಚಿಕೆಯಲ್ಲಿ ಕಾಣುತ್ತದೆ. ಈ ಧಾರಾವಾಹಿಯ ಜನಕರು ಯಾರೆಂದರೆ ಕೆನಡಾ ದೇಶದಿಂದ ಬಂದು ಬಿ.ಬಿ.ಸಿ.ಯ ನಾಟಕ ವಿಭಾಗದ ಮುಖ್ಯಸ್ಥರಾದ ಸಿಡ್ನಿ ನ್ಯೂಮನ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅವರ ಪಾತ್ರ ದೊಡ್ಡದೆಂಬುದು ನಿರ್ವಿವಾದ. ಆದರೆ ಅವರು ಅಧಿಕಾರ ವಹಿಸಿಕೊಂಡದ್ದು 1962ರ ಡಿಸೆಂಬರಿನಲ್ಲಿ. ಅದಕ್ಕೆ ಎಷ್ಟೋ ತಿಂಗಳ ಮುನ್ನವೇ, ಅದೇ ವರ್ಷ, ವಿಜ್ಞಾನಕಥೆಗಳನ್ನು ದೂರದರ್ಶನಕ್ಕೆ ಅಳವಡಿಸುವ ಸಾಧ್ಯತೆಯನ್ನು ಕುರಿತು ಸಂಸ್ಥೆಯೊಳಗೆ ವರದಿಗಳು ಸಿದ್ಧವಾಗಿದ್ದುವು. ಅವುಗಳನ್ನು ಬರೆದವರಲ್ಲಿ ಆಲಿಸ್ ಫ್ರಿಕ್ ಎಂಬ ಮಹಿಳೆಯೂ ಒಬ್ಬರು. ಕಡತಗಳನ್ನು ಓದಿದರೆ ಹಲವು ಕೈಗಳು ಸೇರಿ ಮಾಡಿದ ಕೆಲಸ ಕಾಣುತ್ತದೆ; ನೆನಪುಗಳನ್ನು ಓದಿದರೆ ಒಬ್ಬ ವೀರ ಕಾಣುತ್ತಾನೆ.

ಡಾಲೆಕ್ಕುಗಳಿಗೆ ಆಕಾರ ಕೊಟ್ಟ ಕ್ಯೂಸಿಕ್ ಅವರು ಸಂಬಳದ ನೌಕರರು. ಆಟಿಕೆಗಳ ಮಾರಾಟದಿಂದ ಲೇಖಕರಿಗೆ ಲಾಭದ ಪಾಲು ಬಂತು. ವಿನ್ಯಾಸಕಾರರಿಗೆ ದೊರೆತದ್ದು ಅಲ್ಪ ಸಂಭಾವನೆ. ಧಾರಾವಾಹಿಯ ಪ್ರಸಿದ್ಧ ಆರಂಭಸಂಗೀತವನ್ನು ರಾನ್ ಗ್ರೇನರ್ ರಚಿಸಿದರು. ಯಾವ ವಾದ್ಯಗಾರರೂ ಇಲ್ಲದೆ ಟೇಪಿನ ತುಂಡುಗಳನ್ನು ಕತ್ತರಿಸಿ ಅಂಟಿಸಿ ಅದಕ್ಕೆ ಧ್ವನಿರೂಪ ಕೊಟ್ಟವರು ಸಂಸ್ಥೆಯ ಧ್ವನಿ ಪ್ರಯೋಗಾಲಯದ ಡೀಲಿಯ ಡರ್ಬಿಷೈರ್. ಅವರಿಗೂ ಕೀರ್ತಿಯ ಪಾಲು ಸಲ್ಲಬೇಕೆಂದು ಗ್ರೇನರ್ ಅವರೇ ಬಯಸಿದ್ದರೂ ನಿಯಮಗಳು ಒಪ್ಪಲಿಲ್ಲ. ಅವರ ಹೆಸರು ಧಾರಾವಾಹಿಯ ತೆರೆಯ ಮೇಲೆ ಮೊದಲು ಬಂದದ್ದು 2013ರಲ್ಲಿ. ಅವರು 2001ರಲ್ಲೇ ತೀರಿಕೊಂಡಿದ್ದರು. ಈ ಅನ್ಯಾಯಗಳನ್ನು ಮರೆಯಗೊಡದೆ ದಶಕಗಳ ಕಾಲ ಬರೆಯುತ್ತಿದ್ದವರು ಅಭಿಮಾನಿ ಪತ್ರಿಕೆಗಳ ಲೇಖಕರೆಂಬುದನ್ನು ಹೇಳಲೇಬೇಕು. ದೋಷವೂ ಇವರದೇ, ಪರಿಹಾರವೂ ಇವರದೇ ಎಂಬುದು ಈ ಸಾಹಿತ್ಯದ ವೈಶಿಷ್ಟ್ಯ.

ಈ ಸಂದರ್ಭದಲ್ಲಿ ಭಾರತೀಯ ವಾಚಕರಿಗೆ ಆಸಕ್ತಿದಾಯಕವಾದ ಒಂದು ಹೆಸರುಂಟು. ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಅವರು 1938ರಲ್ಲಿ ಲಕ್ನೋದಲ್ಲಿ ಜನಿಸಿದವರು. ಕಾದಂಬರಿಗಾರ್ತಿ ಅತಿಯಾ ಹೊಸೇನ್ ಅವರ ಮಗ. ಆಗ ಅವರಿಗೆ ಇನ್ನೂ 24 ವರ್ಷ. ನಿರ್ಮಾಪಕಿಯಾಗಿದ್ದ ವೆರಿಟಿ ಲ್ಯಾಂಬರ್ಟ್ ಅವರಿಗೆ 27. ಗಂಡಸರೇ ತುಂಬಿದ್ದ ಹಳೆಯ ಸಂಸ್ಥೆಯೊಂದರಲ್ಲಿ ಒಬ್ಬ ತರುಣಿ, ಒಬ್ಬ ಭಾರತೀಯ, ಇವರ ಮೇಲೆ ಒಬ್ಬ ಕೆನಡಾದವ. ಹೊರಗಿನವರೇ ಕೂಡಿ ಕಟ್ಟಿದ ಕೃತಿಯೆಂಬ ಚಿತ್ರ ಹುಸೇನ್ ಅವರ ನೆನಪುಗಳಲ್ಲಿ ಕಾಣುತ್ತದೆ. ಇದು ನಿಜವೂ ಹೌದು, ಮುಖ್ಯವೂ ಹೌದು. ಆದರೆ ಈ ಚಿತ್ರವನ್ನು 2013ರಲ್ಲಿ ‘ಆ್ಯನ್ ಅಡ್ವೆಂಚರ್ ಇನ್ ಸ್ಪೇಸ್ ಅಂಡ್ ಟೈಮ್’ ಎಂಬ ದೂರದರ್ಶನ ನಾಟಕವಾಗಿ ಮಾಡಿದಾಗ, ಕಥೆಯ ಬಿಗಿಗಾಗಿ ಡೊನಾಲ್ಡ್ ವಿಲ್ಸನ್, ಡೇವಿಡ್ ವಿಟೇಕರ್ ಮುಂತಾದವರ ಪಾತ್ರಗಳನ್ನೇ ಬಿಟ್ಟರು. ಮುಂದಿನ ಪೀಳಿಗೆಯ ಬಹುಪಾಲು ಜನರಿಗೆ ಆ ನಾಟಕವೇ ಇತಿಹಾಸವಾಗುವ ಸಂಭವವಿದೆ. ವಿಲ್ಸನ್ ಅವರ ಟಿಪ್ಪಣಿಗಳು ಕಡತದಲ್ಲಿವೆ. ಕಡತವನ್ನು ಓದುವವರು ಎಷ್ಟು ಮಂದಿ?

ಹುಸೇನ್ ಅವರೇ ಬಹುಪಾಲು ನಿರ್ದೇಶಿಸಿದ ‘ಮಾರ್ಕೊ ಪೋಲೊ’ ಎಂಬ ಏಳು ಕಂತುಗಳ ಕಥೆ 1964ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪ್ರಸಾರವಾಗಿ, ತರುವಾಯ ಸಂಪೂರ್ಣವಾಗಿ ಅಳಿಸಿಹೋಯಿತು. ಅದರಲ್ಲಿ ರಾಕ್ಷಸರಿಲ್ಲ, ಕುಬ್ಲಾಯ್ ಖಾನನ ಆಸ್ಥಾನಕ್ಕೆ ಸಾಗುವ ಇತಿಹಾಸಕಥೆಯದು. ಅದರ ಆರು ಕಂತುಗಳ ಕ್ಯೂರಾ ಛಾಯಾಚಿತ್ರಗಳು ಉಳಿದದ್ದು ಹುಸೇನ್ ಅವರ ಸ್ವಂತ ಸಂಗ್ರಹದಲ್ಲಿ. ನಾಲ್ಕನೆಯ ಕಂತನ್ನು ಬೇರೊಬ್ಬರು ನಿರ್ದೇಶಿಸಿದ್ದರಿಂದ ಅದರ ಚಿತ್ರಗಳು ಅಲ್ಲಿರಲಿಲ್ಲ. ಆ ಕಥೆಯ ಪಾತ್ರಗಳ ಉಡುಪನ್ನೂ ರಂಗಸಜ್ಜನ್ನೂ ಇಂದು ನಾವು ಕಾಣುವಂತಾದದ್ದು ನಿರ್ದೇಶಕನೊಬ್ಬನು ತನ್ನ ಕೆಲಸದ ಗುರುತನ್ನು ಜೋಪಾನವಾಗಿ ಇಟ್ಟುಕೊಂಡದ್ದರಿಂದ. ಅದೇ ವ್ಯಕ್ತಿಯು ಬಾಯಿಂದ ಹೇಳಿದ ನೆನಪಿಗೂ ಪೆಟ್ಟಿಗೆಯಲ್ಲಿಟ್ಟ ಚಿತ್ರಕ್ಕೂ ಸಾಕ್ಷ್ಯದ ದರ್ಜೆಯಲ್ಲಿ ಎಷ್ಟು ಅಂತರವಿದೆಯೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

7

ಮೂಲವಸ್ತು ಮರಳಿ ದೊರೆತ ಪ್ರಸಂಗಗಳಿಗೆ ಈಗ ಬರಬಹುದು. 1967ರ ಸೆಪ್ಟೆಂಬರಿನಲ್ಲಿ ಪ್ರಸಾರವಾದ ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಎಂಬ ನಾಲ್ಕು ಕಂತುಗಳ ಕಥೆ ಕಳೆದುಹೋದವುಗಳಲ್ಲಿ ಶ್ರೇಷ್ಠವೆಂದು ಅಭಿಮಾನಿ ಪತ್ರಿಕೆಗಳು ಏಕಕಂಠದಿಂದ ಸಾರುತ್ತಿದ್ದುವು. ಹೆಪ್ಪುಗಟ್ಟಿದ ಗೋರಿಗಳಿಂದ ಯಂತ್ರಮಾನವರು ಹೊರಬರುವ ದೃಶ್ಯವನ್ನು ಬಾಲ್ಯದಲ್ಲಿ ನೋಡಿದವರು ಯಾರೂ ಮರೆತಿರಲಿಲ್ಲ. 1992ರಲ್ಲಿ ನಾಲ್ಕು ಕಂತುಗಳೂ ಹಾಂಗ್‌ಕಾಂಗಿನಲ್ಲಿ ಸಿಕ್ಕಿದುವು. ಗೋರಿಯ ದೃಶ್ಯ ನೆನಪಿಗೆ ತಕ್ಕಂತೆಯೇ ಇತ್ತು. ಆದರೆ ನಟರನ್ನು ಎತ್ತುವ ತಂತಿಗಳೂ, ಕಥೆಯ ಸಡಿಲವೂ ಜೊತೆಯಲ್ಲೇ ಕಂಡುವು. ಅದಕ್ಕಿಂತ ಗಂಭೀರವಾದುದೆಂದರೆ, ಟೋಬರ್‌ಮನ್ ಎಂಬ ಕಪ್ಪುಬಣ್ಣದ ಸೇವಕನ ಪಾತ್ರ: ಹೆಚ್ಚು ಮಾತಿಲ್ಲ, ದೇಹಬಲ ಮಾತ್ರ, ಕೊನೆಗೆ ಇತರರಿಗಾಗಿ ಪ್ರಾಣಾರ್ಪಣೆ. ಇಪ್ಪತ್ತೈದು ವರ್ಷಗಳ ನೆನಪು ಗೋರಿಯನ್ನು ಉಳಿಸಿಕೊಂಡು ಈ ಸೇವಕನನ್ನು ಬಿಟ್ಟಿತ್ತು. ಯಾರ ನೆನಪು ಎಂಬುದನ್ನು ವಿಮರ್ಶಕನು ಇಲ್ಲಿ ಕೇಳಲೇಬೇಕು.

ಇದಕ್ಕೆ ವಿರುದ್ಧವಾದ ಪ್ರಸಂಗವೂ ಒಂದುಂಟು. 1967ರ ಡಿಸೆಂಬರಿನಿಂದ 1968ರ ಜನವರಿಯವರೆಗೆ ನಡೆದ ‘ದಿ ಎನಿಮಿ ಆಫ್ ದಿ ವರ್ಲ್ಡ್’ ಎಂಬ ಆರು ಕಂತುಗಳ ಕಥೆಯಲ್ಲಿ ಮೂರನೆಯ ಕಂತು ಮಾತ್ರ ಉಳಿದಿತ್ತು. ಒಂದು ಮೊಗಸಾಲೆ, ಒಂದು ಅಡುಗೆಮನೆ, ಬಹಳ ಮಾತು. ಇಡೀ ಕಥೆಯಲ್ಲಿ ಚಲನೆ ಕಡಮೆಯಾದ ಭಾಗವದು. ಅದನ್ನು ನೋಡಿ ಇಡೀ ಕಥೆಯೇ ನೀರಸವೆಂದು ತೀರ್ಪು ಕೊಟ್ಟರು. 2013ರಲ್ಲಿ ನೈಜೀರಿಯದ ಜಾಸ್ ನಗರದ ದೂರದರ್ಶನ ಮರುಪ್ರಸಾರ ಕೇಂದ್ರವೊಂದರಿಂದ ಆರೂ ಕಂತುಗಳು ದೊರೆತಾಗ, ಟ್ರೌಟನ್ ಅವರು ನಾಯಕನಾಗಿಯೂ ಖಳನಾಯಕನಾಗಿಯೂ ಮಾಡಿದ ಎರಡು ಪಾತ್ರಗಳ ಸೊಗಸು ತಿಳಿಯಿತು; ಕಥೆಯ ಬೆಲೆ ಏರಿತು. ಉಳಿದ ತುಂಡು ಇಡಿಯ ಪ್ರತಿನಿಧಿಯಲ್ಲವೆಂಬ ಎಚ್ಚರಿಕೆಯನ್ನು ಭಗ್ನ ಶಾಸನಗಳನ್ನು ಓದುವ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಆದರೂ ನಾವೂ ಅದನ್ನು ಆಗಾಗ ಮರೆಯುತ್ತೇವೆ.

ಕಳೆದುಹೋಗದ ಕಥೆಗಳ ವಿಷಯದಲ್ಲೂ ತೀರ್ಪುಗಳು ಕುರುಡಾಗಿ ಸಾಗಿಬಂದಿವೆ. 1966ರ ‘ದಿ ಗನ್‌ಫೈಟರ್ಸ್’ ಎಂಬ ಹಾಸ್ಯಕಥೆಯನ್ನು ಅತ್ಯಂತ ಕಡಮೆ ಜನ ನೋಡಿದರೆಂದು ಅಭಿಮಾನಿ ಬರಹಗಳು ಹೇಳುತ್ತಿದ್ದುವು. ಅಂಕಿಗಳನ್ನು ತೆಗೆದು ನೋಡಿದರೆ, ಅದರ ತರುವಾಯ ಅದೇ ವರ್ಷ ಬಂದ ಕೆಲವು ಕಥೆಗಳಿಗೆ ಇನ್ನೂ ಕಡಮೆ ಪ್ರೇಕ್ಷಕರಿದ್ದರು. ನೋಡಿದವರ ಮೆಚ್ಚಿಕೆಯ ಪ್ರಮಾಣ ಕೆಳಗಿತ್ತೆಂಬುದು ನಿಜ. ಮೆಚ್ಚಿಕೆಯ ಅಂಕಿಯನ್ನೂ ಸಂಖ್ಯೆಯ ಅಂಕಿಯನ್ನೂ ಬೆರೆಸಿಬಿಟ್ಟಿದ್ದರು. ಇನ್ನೊಂದು: 1976ರ ‘ದಿ ಡೆಡ್ಲಿ ಅಸಾಸಿನ್’ ಎಂಬ ಕಥೆ ಪ್ರಸಾರವಾದೊಡನೆ ಅಭಿಮಾನಿ ಸಂಘದ ಅಂದಿನ ಅಧ್ಯಕ್ಷರು ಅದನ್ನು ಪರಂಪರೆಗೆ ಬಗೆದ ದ್ರೋಹವೆಂಬಂತೆ ಉಗ್ರವಾಗಿ ಖಂಡಿಸಿದರು. ಮುಂದಿನ ಪೀಳಿಗೆಯ ಅಭಿಮಾನಿಗಳು ಅದನ್ನೇ ಶ್ರೇಷ್ಠ ಕೃತಿಗಳ ಸಾಲಿಗೆ ಸೇರಿಸಿದರು. ಒಂದು ಪೀಳಿಗೆಯ ಬಾಲ್ಯದಲ್ಲಿ ರೂಢಿಯಾಗಿದ್ದುದು ಆ ಪೀಳಿಗೆಗೆ ಶಾಸ್ತ್ರವಾಗುತ್ತದೆ. ಆದುದರಿಂದ ಅಭಿಮಾನಿಯ ವಿಮರ್ಶೆಯನ್ನು ಓದುವಾಗ ಕೃತಿಯ ಕಾಲದೊಡನೆ ವಿಮರ್ಶಕನ ವಯಸ್ಸನ್ನೂ ಗಣಿಸಬೇಕು.

8

ಅಭಿಮಾನಿ ವಾರ್ತೆಗಳನ್ನು ಕುರಿತು ಸಂಕ್ಷೇಪವಾಗಿ ಹೇಳಬಹುದು. ವಾರ್ತೆಯ ಆಯುಸ್ಸು ಅಲ್ಪ. ಅದರ ಹಸಿವು ದೊಡ್ಡದು. 2013ರಲ್ಲಿ, ಧಾರಾವಾಹಿಗೆ ಐವತ್ತು ವರ್ಷ ತುಂಬುವ ಹೊತ್ತಿಗೆ, ಕಳೆದ ಕಂತುಗಳಲ್ಲಿ ಬಹುಪಾಲು ಆಫ್ರಿಕದಲ್ಲಿ ಸಿಕ್ಕಿವೆಯೆಂಬ ವದಂತಿ ತಿಂಗಳುಗಟ್ಟಲೆ ಹಬ್ಬಿತ್ತು. ಅಕ್ಟೋಬರಿನಲ್ಲಿ ಅಧಿಕೃತವಾಗಿ ಪ್ರಕಟವಾದಾಗ ದೊರೆತದ್ದು 11 ಕಂತುಗಳು. ಅವುಗಳಲ್ಲಿ ಹಿಂದೆ ಇಲ್ಲದಿದ್ದವು 9. ಇದರಿಂದ ಕಳೆದುಹೋದವುಗಳ ಸಂಖ್ಯೆ 106ರಿಂದ 97ಕ್ಕೆ ಇಳಿಯಿತು. ಮೂರು ದಶಕಗಳಲ್ಲಿ ಒಮ್ಮೆಗೇ ಇಷ್ಟು ದೊರೆತದ್ದು ಸಂತೋಷದ ಸಂಗತಿ. ಆದರೆ ನೂರನ್ನು ನಿರೀಕ್ಷಿಸಿದ್ದವರಲ್ಲಿ ಕೆಲವರು ನಿರಾಶರಾಗಿ, ಉಳಿದವನ್ನು ಯಾರೋ ಬಚ್ಚಿಟ್ಟಿದ್ದಾರೆಂದು ಬರೆದರು. ವದಂತಿಗೆ ಬೀಜರೂಪದಲ್ಲಿ ಸತ್ಯವಿತ್ತು. ಆ ಸತ್ಯವೇ ಅದರ ಉತ್ಪ್ರೇಕ್ಷೆಗೆ ಗೊಬ್ಬರವಾಯಿತು. ಇತಿಹಾಸಕಾರನು ಇಂಥ ವಾರ್ತೆಗಳನ್ನು ಘಟನೆಯ ಆಧಾರವಾಗಿ ಬಳಸಕೂಡದು. ಜನರ ಆಸೆಯ ಆಧಾರವಾಗಿ ಬಳಸಬಹುದು; ಆ ದೃಷ್ಟಿಯಿಂದ ಅವು ಬೆಲೆಯುಳ್ಳವು.

9

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು. ಅಭಿಮಾನಿಗಳು ಆ ಕ್ಷಣದಲ್ಲೇ ಹಿಡಿದಿಟ್ಟ ವಸ್ತುಗಳಿಗೆ, ಅಂದರೆ ಧ್ವನಿಮುದ್ರಿಕೆ, ಛಾಯಾಚಿತ್ರ, ತಾರೀಖುಪಟ್ಟಿಗಳಿಗೆ, ಅಗ್ರಸ್ಥಾನ ಸಲ್ಲಬೇಕು. ಅವುಗಳ ಮುಂದೆ ಸಂಸ್ಥೆಯ ಕಡತವೂ ಎಷ್ಟೋ ವೇಳೆ ಎರಡನೆಯದೇ. ಪಾಲ್ಗೊಂಡವರ ನೆನಪುಗಳಲ್ಲಿ ಮೊದಲ ಬಾರಿಗೆ ಹೇಳಿದುದನ್ನು ಹುಡುಕಿ ತೆಗೆಯಬೇಕು. ಆಮೇಲಿನವುಗಳನ್ನು ಅದರೊಡನೆ ಹೋಲಿಸಬೇಕು. ಯಾವ ನೆನಪಿನಿಂದ ಯಾರಿಗೆ ಕೀರ್ತಿ ಸಲ್ಲುತ್ತದೆ, ಯಾರ ಹೆಸರು ಬಿಟ್ಟುಹೋಗುತ್ತದೆ ಎಂಬುದನ್ನು ಪ್ರತಿಯೊಂದು ಸಲವೂ ವಿಚಾರಿಸಬೇಕು. ತೀರ್ಪುಗಳನ್ನು ತೀರ್ಪು ಕೊಟ್ಟವರ ಕಾಲದ ಸಾಕ್ಷ್ಯವೆಂದು ಓದಬೇಕು.

ಈ ಸಾಹಿತ್ಯದ ಭಾಷೆ ಅನೇಕ ವೇಳೆ ಅತಿಶಯೋಕ್ತಿಯಿಂದ ಕೂಡಿದೆ. ಸಣ್ಣ ವಿವರಗಳಿಗೆ ಕೊಟ್ಟ ಗಮನವನ್ನು ಸಾಮಾಜಿಕ ಪ್ರಶ್ನೆಗಳಿಗೆ ಕೊಟ್ಟಿಲ್ಲವೆಂಬ ಆಕ್ಷೇಪಣೆಯೂ ನ್ಯಾಯವಾದದ್ದೇ. ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಸಂಬಳ ಪಡೆದು ಕಾಪಾಡಬೇಕಾದವರು ಅಳಿಸಿದರು, ಸಂಬಳವಿಲ್ಲದವರು ಉಳಿಸಿದರು. ಡಾಲೆಕ್ ಎಂಬ ಹೆಸರಿನ ಕಥೆಯನ್ನು ಪ್ರಶ್ನಿಸಿದವರೂ, ಪ್ರಸಾರದ ದಿನಚರಿಯನ್ನು ತೆರೆಸಿ 80 ಸೆಕೆಂಡುಗಳನ್ನು ಎಣಿಸಿದವರೂ, ಡರ್ಬಿಷೈರ್ ಅವರ ಹೆಸರಿಗಾಗಿ ಹೋರಾಡಿದವರೂ ಹೆಚ್ಚಾಗಿ ಈ ಅಭಿಮಾನಿಗಳೊಳಗಿನವರೇ. ತಮ್ಮ ಪ್ರೀತಿಯ ವಸ್ತುವನ್ನು ಕುರಿತ ದಂತಕಥೆಯನ್ನು ತಾವೇ ಕಡತ ತೆಗೆದು ಖಂಡಿಸುವ ಶಿಸ್ತು ಇವರಲ್ಲಿ ಕೆಲವರಿಗಾದರೂ ಬೆಳೆದುಬಂದಿದೆ. ಆ ಶಿಸ್ತಿಗೆ ಪದವಿಯ ಆಸರೆಯೂ ಇರಲಿಲ್ಲ, ವೇತನದ ಆಸರೆಯೂ ಇರಲಿಲ್ಲ.

ನಮ್ಮ ಕಾಲೇಜುಗಳಲ್ಲಿ ಆಧಾರವಿಮರ್ಶೆಯನ್ನು ಬೋಧಿಸುವಾಗ ದೂರದ ಶತಮಾನಗಳ ಉದಾಹರಣೆಗಳನ್ನೇ ಕೊಡುತ್ತೇವೆ. ಅವುಗಳಲ್ಲಿ ಮೂಲವು ಮರಳಿ ಬಂದು ನಮ್ಮ ಊಹೆಯನ್ನು ತಿದ್ದುವ ಸಂಭವ ಕಡಮೆ. ಇಲ್ಲಿ ಅದು ಸಂಭವಿಸಿದೆ, ಒಂದೇ ತಲೆಮಾರಿನೊಳಗೆ ಎರಡು ದಿಕ್ಕಿನಲ್ಲಿಯೂ ಸಂಭವಿಸಿದೆ. ‘ಟೂಂಬ್’ ಕಥೆಯಲ್ಲಿ ನೆನಪು ಹೆಚ್ಚು ಕೊಟ್ಟಿತ್ತು. ‘ಎನಿಮಿ’ ಕಥೆಯಲ್ಲಿ ಉಳಿದ ತುಂಡು ಕಡಮೆ ಕೊಟ್ಟಿತ್ತು. ಈ ಎರಡು ಕಥೆಗಳನ್ನು ಕುರಿತು 1992ಕ್ಕೂ 2013ಕ್ಕೂ ಮುನ್ನ ಬರೆದುದನ್ನು, ಆ ತರುವಾಯ ಬರೆದುದರೊಡನೆ ಪಕ್ಕಪಕ್ಕದಲ್ಲಿಟ್ಟು ವಿದ್ಯಾರ್ಥಿಗಳು ಓದಿದರೆ, ಪಠ್ಯಪುಸ್ತಕದ ಒಂದು ಅಧ್ಯಾಯಕ್ಕಿಂತ ಹೆಚ್ಚಿನ ಪ್ರಯೋಜನವಾದೀತೆಂದು ನಂಬುತ್ತೇನೆ.